ಆ ಬಟ್ಟೆ ಒಗೀಬೇಡಿ

ಕಳೆದ ನವೆಂಬರ್‌ನಲ್ಲಿ ಒಂದು ಫೋನ್ ಬಂತು. ದತ್ತು ಕೇಂದ್ರಗಳ ಸಿಬ್ಬಂದಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು, ಒಂದಿಷ್ಟು ಮೇಷ್ಟ್ರುಗಳು, ನರ್ಸ್‌ಗಳು, ಎಲ್ಲರನ್ನೂ ಸೇರಿಸಿ ದಾವಣಗೆರೆಯಲ್ಲಿ ಒಂದು ದಿನದ ತರಬೇತಿ ಇದೆ, ದತ್ತು ತಗೊಂಡ ತಾಯಿಯಾಗಿ ಬಂದು ಅರ್ಧ ಗಂಟೆ ಮಾತಾಡ್ತೀರಾ ಅಂತ ಕೇಳಿದರು.

ನವೆಂಬರ್ ಬಂತೆಂದರೆ ದತ್ತು ಜಾಗೃತಿಯ ತಿಂಗಳು. ಇಂಥ ಕರೆ ಬರುವುದು ಹೊಸದಲ್ಲ. ಸಾಮಾನ್ಯವಾಗಿ ವೇದಿಕೆ ಮೇಲೆ ಕೂರಿಸಿ, ಶಾಲು ಹೊದಿಸಿ, "ದೊಡ್ಡ ಪುಣ್ಯದ ಕೆಲಸ ಮಾಡಿದ್ದೀರಿ" ಅಂದು ಕಳಿಸುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಹಿಂಸೆಯಾಗುತ್ತದೆ. ನನಗೆ ಮಗಳು ಬೇಕಿತ್ತು, ಮಗಳು ಸಿಕ್ಕಳು. ಇದರಲ್ಲಿ ಪುಣ್ಯ ಎಲ್ಲಿಂದ ಬಂತು? ಬೇಡ ಅಂದುಬಿಡೋಣ ಅನ್ನಿಸಿತು. ಆದರೆ ತರಬೇತಿ ನಡೆಸುವ ಮೇಡಂ ಇನ್ನೊಂದು ಮಾತು ಹೇಳಿದರು. "ಭಾಷಣ ಬೇಡ. ಮಗು ಮನೆಗೆ ಬಂದ ಮೊದಲ ವಾರ ಏನೇನು ತಪ್ಪಾಯ್ತು, ಅಷ್ಟು ಹೇಳಿ." ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಬರ್ತೀನಿ ಅಂದೆ.

ಶಿವಮೊಗ್ಗದಿಂದ ಬೆಳಗಿನ ಬಸ್ ಹಿಡಿದು ಹೋದೆ. ನಲವತ್ತು ಜನ ಇದ್ದರು. ಮುಂದಿನ ಸಾಲಲ್ಲಿ ಅಧಿಕಾರಿಗಳು, ಮಧ್ಯದಲ್ಲಿ ಶಿಕ್ಷಕರು. ಹಿಂದಿನ ಸಾಲಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು, ಬ್ಯಾಗನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದರು. ದತ್ತು ಕೇಂದ್ರವೊಂದರ ಆಯಾ ಎಂದು ಆಮೇಲೆ ಗೊತ್ತಾಯಿತು.

ತರಬೇತಿ ಕೊಡಲು ಬಂದಿದ್ದ ಮೇಡಂ ನಿಮ್ಹಾನ್ಸ್‌ನಲ್ಲಿ ಕಲಿತವರು. ನಮ್ಮ ಬೆಂಗಳೂರಿನ ಆ ಸಂಸ್ಥೆಯಲ್ಲಿ 'ಸಂವಾದ್' ಎಂಬ ಯೋಜನೆ ಇದೆ, ಕಷ್ಟದಲ್ಲಿರುವ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ದೇಶದ ತುಂಬ ತರಬೇತಿ ಕೊಡುತ್ತದೆ. ಮೇಡಂ ಥಿಯರಿಗೆ ಹೆಚ್ಚು ಹೊತ್ತು ಕೊಡಲಿಲ್ಲ. ಜಾನ್ ಬೌಲ್ಬಿ ಎಂಬ ಇಂಗ್ಲೆಂಡಿನ ವೈದ್ಯರು 1951ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಬರೆದು, ಮಗುವಿಗೆ ಅನ್ನ ಬಟ್ಟೆಯಷ್ಟೇ ಮುಖ್ಯವಾದದ್ದು ಬಿಟ್ಟುಹೋಗದ ಒಬ್ಬ ಮನುಷ್ಯ ಅಂತ ಹೇಳಿದ್ದರು ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಈಗ ಇವರು ಹೇಳಲಿ" ಅಂದರು.

ಹೇಳಿದೆ.

2019ರ ಜೂನ್. ಮಗಳಿಗೆ ಆಗ ಮೂರು ವರ್ಷ. ಕೇಂದ್ರದಿಂದ ಹೊರಡುವಾಗ ಅವಳ ಜೊತೆ ಒಂದು ಸಣ್ಣ ಚೀಲ ಕೊಟ್ಟರು. ಅದರಲ್ಲಿ ಲಸಿಕೆ ಕಾರ್ಡು, ಎರಡು ಫ್ರಾಕು, ಒಂದು ಹಳೇ ಹಳದಿ ಟವೆಲ್. ದಾರಿಯುದ್ದಕ್ಕೂ ಅವಳು ಅತ್ತಿರಲಿಲ್ಲ. ಟವೆಲಿನ ಒಂದು ಮೂಲೆಯನ್ನು ಮೂಗಿಗೆ ಒತ್ತಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಮನೆಗೆ ಬಂದವಳೇ ಅವಳಿಗೆ ಬಿಸಿಬಿಸಿ ನೀರಲ್ಲಿ ಸ್ನಾನ ಮಾಡಿಸಿದೆ. ಟವೆಲ್ಲಿಗೆ ಡೆಟಾಲ್, ಹಾಲು, ಪೌಡರ್ ಎಲ್ಲ ಸೇರಿದ ಒಂಥರಾ ವಾಸನೆ ಇತ್ತು. ಮಿಷಿನ್ನಿಗೆ ಹಾಕಿದೆ. ಹೊಸ ಮನೆ, ಎಲ್ಲ ಹೊಸದಾಗಿ ಶುರುವಾಗಲಿ ಅಂತ. ಆಸೆಯಿಂದಲೇ ಮಾಡಿದ್ದು.

ರಾತ್ರಿ ಅವಳು ಟವೆಲ್ ತಗೊಂಡು ಮೂಗಿಗೆ ಒತ್ತಿಕೊಂಡಳು. ತೆಗೆದಳು. ಇನ್ನೊಂದು ಮೂಲೆ ಹುಡುಕಿ ಮೂಸಿದಳು. ಆಮೇಲೆ ನಾಲ್ಕೂ ಮೂಲೆ. ಕೊನೆಗೆ ಅದನ್ನು ಮಂಚದಿಂದ ಕೆಳಗೆ ಬಿಟ್ಟು ಸುಮ್ಮನಾದಳು. ಆವತ್ತಿನಿಂದ ಅದನ್ನು ಮುಟ್ಟಲಿಲ್ಲ.

ಚೆನ್ನಾಗಿ ನಿದ್ದೆ ಬರಲಿ ಅಂತ ಲೈಟ್ ಆರಿಸಿದೆ. ಬೆಳಗಿನ ಜಾವ ಎದ್ದು ನೋಡಿದರೆ ಮಗು ಗೋಡೆಗೆ ಬೆನ್ನು ಕೊಟ್ಟು ಕೂತಿತ್ತು, ಕಣ್ಣು ಬಿಟ್ಟುಕೊಂಡು. ಮೂರು ರಾತ್ರಿ ಹೀಗೇ. ಹತ್ತು ಮಕ್ಕಳು ಮಲಗುವ ಆ ಕೋಣೆಯಲ್ಲಿ ರಾತ್ರಿ ಪಾಳಿಯ ಆಯಾಗೆ ಕಾಣಲಿ ಅಂತ ಇಡೀ ರಾತ್ರಿ ಟ್ಯೂಬ್‌ಲೈಟ್ ಉರಿಯುತ್ತದೆ, ಅವಳು ಹುಟ್ಟಿದ ಮೇಲೆ ಕತ್ತಲಲ್ಲಿ ಮಲಗಿಯೇ ಇಲ್ಲ ಎಂದು ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಮುಂದಿನ ವಾರ ದಿಂಬಿನ ಕೆಳಗೆ ಇರುವೆ ಸಾಲು. ಎತ್ತಿ ನೋಡಿದರೆ ಅರ್ಧ ಚಪಾತಿ, ಒಂದು ತುಂಡು ಬೆಲ್ಲ. ನಾಳೆಗೆ ಎತ್ತಿಟ್ಟುಕೊಂಡಿದ್ದಳು.

"ಸಮಾಜ ಕಾರ್ಯಕರ್ತೆ ಮನೆಗೆ ಬರ್ತಿದ್ರಲ್ಲ, ಅವರಿಗೆ ಹೇಳಲಿಲ್ವಾ?" ಅಂತ ಮುಂದಿನ ಸಾಲಿನಿಂದ ಒಬ್ಬರು ಕೇಳಿದರು.

ಸರಿಯಾದ ಪ್ರಶ್ನೆ. ನಿಯಮದ ಪ್ರಕಾರ ಎರಡು ವರ್ಷ, ಆರು ತಿಂಗಳಿಗೊಮ್ಮೆ ಮನೆಗೆ ಬಂದು ಮಗುವನ್ನು ನೋಡಿ ವರದಿ ಬರೆಯಬೇಕು. ನಮ್ಮ ಮನೆಗೂ ಬಂದರು, ಒಳ್ಳೆಯ ಹೆಣ್ಣುಮಗಳು. ತೂಕ, ಎತ್ತರ, ಲಸಿಕೆ ಎಲ್ಲ ಬರೆದುಕೊಂಡರು, ಫೋಟೋ ತೆಗೆದರು. ನಿದ್ದೆ ಬಗ್ಗೆ ಕೇಳಲಿಲ್ಲ. ನಾನೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂತ ಆ ದಿನ ಮೊದಲ ಸಲ ಜನರ ಮುಂದೆ ಹೇಳಿದೆ. ಹೆದರಿಕೆ. ಆಗ ದತ್ತು ಆದೇಶ ಕೋರ್ಟಿನಿಂದ ಬರಬೇಕಿತ್ತು. 2022ರ ಸೆಪ್ಟೆಂಬರ್‌ನಿಂದ ಅದನ್ನು ಜಿಲ್ಲಾಧಿಕಾರಿಗಳೇ ಕೊಡುತ್ತಾರೆ. ನಮ್ಮದಿನ್ನೂ ಬಂದಿರಲಿಲ್ಲ. ಮಗು ಮಲಗ್ತಿಲ್ಲ, ನನಗೆ ಕೈಲಾಗ್ತಿಲ್ಲ ಅಂದರೆ ವಾಪಸ್ ಕರ್ಕೊಂಡು ಹೋಗ್ತಾರೆ ಅಂದುಕೊಂಡಿದ್ದೆ. ಬಾಗಿಲಿಗೆ ಅವರು ಬಂದಾಗ ನಗುನಗುತ್ತಾ ಕಾಫಿ ಕೊಟ್ಟು, "ಏನೂ ತೊಂದರೆ ಇಲ್ಲ, ಆರಾಮಾಗಿದ್ದಾಳೆ" ಅಂದೆ. ಅವರು ಅದನ್ನೇ ಬರೆದುಕೊಂಡರು.

ಪ್ರಶ್ನೆ ಕೇಳಿದವರು ಪೆನ್ನು ಕೆಳಗಿಟ್ಟರು. "ನಾನೂ ಹಾಗೇ ಬರೀತೀನಿ ಮೇಡಂ" ಅಂದರು ಮೆಲ್ಲಗೆ. ತಪ್ಪು ಒಪ್ಪಿಕೊಳ್ಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಅವರ ಮೇಲೆ ನನಗೆ ಗೌರವ ಬಂತು. ತರಬೇತಿ ಮೇಡಂ ಬೋರ್ಡಿನ ಮೇಲೆ ಒಂದೇ ಸಾಲು ಬರೆದರು: "ಕಷ್ಟ ಆಗ್ತಿದೆ ಅಂತ ಹೇಳಿದ್ರೆ ಮಗುನ ಕಿತ್ಕೊಳ್ಳಲ್ಲ." ಮನೆಗೆ ಹೋದಾಗ ನಿಮ್ಮ ಮೊದಲ ಮಾತು ಇದಾಗಲಿ, ಫಾರಂ ಆಮೇಲೆ ತೆಗೀರಿ ಅಂದರು.

ಅರ್ಧ ಗಂಟೆ ಮುಗಿದಿತ್ತು. ನಾನು ಹೊರಡಬಹುದಿತ್ತು. ಹೊರಡಲಿಲ್ಲ.

ಮುಂದಿನದು ಮಾತುಗಳ ಪಾಠ. ದತ್ತು ಬಂದ ಮಕ್ಕಳ ಬಗ್ಗೆ ನಾವು ಏನೇನು ಪದ ಬಳಸ್ತೀವಿ, ನಾಚಿಕೆ ಬಿಟ್ಟು ಹೇಳಿ ಅಂದರು. ಒಬ್ಬೊಬ್ಬರಾಗಿ ಹೇಳಿದರು. ಸಾಕು ಮಗ. ಅನಾಥ. ಸ್ವಂತ ಮಕ್ಕಳಲ್ಲ. ನಿಜವಾದ ತಾಯಿ. ಬಿಸಾಕಿ ಹೋದವಳು. ಬೋರ್ಡು ತುಂಬಿತು. 'ಸಾಕು ಮಗ' ಅನ್ನುವುದನ್ನು ಅಳಿಸಲು ಹೋದಾಗ ಒಬ್ಬ ಹಿರಿಯ ಮೇಷ್ಟ್ರು ಎದ್ದು ನಿಂತರು. "ಅದು ಪ್ರೀತಿಯ ಮಾತಲ್ವಾ ಮೇಡಂ? ಸಾಕಿ ಸಲಹಿದ ತಾಯಿ ಅಂತೀವಿ. ಅದರಲ್ಲೇನು ತಪ್ಪು?"

ಅವರು ಹೇಳಿದ್ದು ಸುಳ್ಳಲ್ಲ. ಆದರೂ ನನಗೆ ಸುಮ್ಮನಿರಲು ಆಗಲಿಲ್ಲ. ಎದ್ದು ನಿಂತು ನಮ್ಮ ಮನೆಯ ಒಂದು ಸಂಜೆಯ ಮಾತು ಹೇಳಿದೆ.

ಮಗಳು ಆಗ ಎರಡನೇ ಕ್ಲಾಸು. ದತ್ತು ಬಂದ ವಿಷಯ ಅವಳಿಗೆ ಮೊದಲಿನಿಂದ ಗೊತ್ತು, ನಾವು ಮುಚ್ಚಿಟ್ಟಿಲ್ಲ. ನಾನು ಅಕ್ಕಿ ರೊಟ್ಟಿ ತಟ್ಟುತ್ತಿದ್ದೆ. ಅವಳು ಅಡುಗೆಮನೆ ಕಟ್ಟೆ ಮೇಲೆ ಕೂತು ಹಿಟ್ಟಿನ ಉಂಡೆ ಮಾಡುತ್ತಾ ಕೇಳಿದಳು, "ಅಮ್ಮ, ನಾನು ಸಾಕು ಮಗಳಾ?" ಯಾರು ಹೇಳಿದ್ರು ಅಂದೆ. ಶಾಲೆಯಲ್ಲಿ ಯಾರೋ ದೊಡ್ಡವರು ಇನ್ನೊಬ್ಬರಿಗೆ ಹೇಳುವುದು ಅವಳ ಕಿವಿಗೆ ಬಿದ್ದಿತ್ತು. ಕೆಟ್ಟದ್ದಕ್ಕೆ ಆಡಿದ ಮಾತೂ ಅಲ್ಲ. ಆದರೆ ಅದೇ ವಾರ ತರಗತಿಯಲ್ಲಿ ಸಾಕುಪ್ರಾಣಿಗಳ ಪಾಠ ಆಗಿತ್ತು. ಅವಳು ಉಂಡೆ ಉರುಟು ಮಾಡುತ್ತಲೇ ಹೇಳಿದಳು: "ಹಸು ಹಾಲು ಕೊಡತ್ತೆ. ನಾಯಿ ಮನೆ ಕಾಯತ್ತೆ. ಕೋಳಿ ಮೊಟ್ಟೆ ಇಡತ್ತೆ. ನಾನು ಏನು ಮಾಡ್ಬೇಕು?"

ಕಾವಲಿ ಮೇಲಿನ ರೊಟ್ಟಿ ಸೀದು ಹೋಯಿತು. "ನೀನು ಏನೂ ಮಾಡ್ಬೇಕಾಗಿಲ್ಲ ಕಂದಾ" ಅಂದೆ. "ಏನೂ ಮಾಡದಿದ್ರೂ ನೀನು ನನ್ನ ಮಗಳೇ." ಅವಳು ಇನ್ನೂ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು, ನಿಜವೋ ಸುಳ್ಳೋ ಅಂತ.

ಹಾಲ್‌ನಲ್ಲಿ ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು. ಆ ಮೇಷ್ಟ್ರು ತಾವೇ ಬೋರ್ಡಿನ ಹತ್ತಿರ ಹೋಗಿ ಆ ಪದ ಅಳಿಸಿದರು. ಪದದ್ದೇನೂ ದೋಷವಿಲ್ಲ. ಅವರ ಕಿವಿಗೆ ಅದರಲ್ಲಿ ಸಾಕಿ ಸಲಹುವುದು ಕೇಳಿಸುತ್ತದೆ, ಏಳು ವರ್ಷದ ಕಿವಿಗೆ ಪಠ್ಯಪುಸ್ತಕದ ಹಸು ನಾಯಿ ಕೇಳಿಸುತ್ತದೆ. ಮಗುವಿನ ಜೊತೆ ಕೆಲಸ ಮಾಡುವವರು ಮಗುವಿನ ಕಿವಿಯಿಂದ ಕೇಳಿಸಿಕೊಳ್ಳಬೇಕು. ಅದು ತಾನಾಗಿ ಬರುವುದಿಲ್ಲ, ಒಳ್ಳೆಯ ಮನಸ್ಸಿದ್ದವರಿಗೂ ಬರುವುದಿಲ್ಲ. ಕಲಿಯಬೇಕು.

ಆಗ ಇನ್ನೊಬ್ಬ ಟೀಚರ್, ಚಿಕ್ಕ ವಯಸ್ಸಿನವರು, ಕೈ ಎತ್ತಿದರು. ಅವರ ತರಗತಿಯಲ್ಲೂ ದತ್ತು ಬಂದ ಒಬ್ಬ ಹುಡುಗ ಇದ್ದ. ಬೇರೆ ಹುಡುಗರು ಏನೋ ಅಂದರು ಅಂತ ಅಳುತ್ತಿದ್ದ. ಸಮಾಧಾನ ಮಾಡಲು ಕೃಷ್ಣನ ಕತೆ ಹೇಳಿದರಂತೆ. ನೋಡು, ಕೃಷ್ಣನನ್ನೂ ಹೆತ್ತವಳು ಒಬ್ಬಳು, ಬೆಳೆಸಿದವಳು ಒಬ್ಬಳು, ಯಶೋದೆ ಅವನನ್ನು ಎಷ್ಟು ಮುದ್ದು ಮಾಡ್ತಿದ್ದಳು ಅಂತ. ಹುಡುಗ ಕಣ್ಣೊರೆಸಿಕೊಂಡು ಕೇಳಿದನಂತೆ, "ಆಮೇಲೆ ಕೃಷ್ಣ ಮಥುರೆಗೆ ಹೋದ್ನಲ್ಲ ಮಿಸ್, ವಾಪಸ್ ಬಂದ್ನಾ?"

"ನನಗೆ ಏನು ಹೇಳ್ಬೇಕು ಗೊತ್ತಾಗಲಿಲ್ಲ. ಬೆಲ್ ಹೊಡೀತು, ಹೋಗ್ಬಿಟ್ಟೆ. ಒಂದು ವರ್ಷ ಆಯ್ತು" ಅಂದರು. ಅವರ ಗಂಟಲು ಕಟ್ಟಿತ್ತು.

ಮೇಡಂ ಅವರನ್ನು ಬೈಯಲಿಲ್ಲ, ಕುರ್ಚಿ ಎಳೆದುಕೊಂಡು ಅವರ ಎದುರು ಕೂತು, "ನಾನೇ ಆ ಹುಡುಗ. ಈಗ ಹೇಳಿ" ಅಂದರು. ಅವನು ಕೇಳಿದ್ದು ಕೃಷ್ಣನ ಬಗ್ಗೆ ಅಲ್ಲ, ತನ್ನನ್ನು ಯಾರಾದರೂ ಕರೆದುಕೊಂಡು ಹೋಗುತ್ತಾರಾ ಅಂತ. ಟೀಚರ್ ಮೂರು ಸಲ ಪ್ರಯತ್ನಿಸಿದರು. ಮೊದಲ ಎರಡು ಸಲ ಮಾತು ಉದ್ದವಾಯಿತು. ಮೂರನೇ ಸಲ ಅಂದರು, "ನೀನು ನಿಮ್ಮ ಅಪ್ಪ ಅಮ್ಮನ ಜೊತೆನೇ ಇರ್ತೀಯ. ಯಾರೂ ಕರ್ಕೊಂಡು ಹೋಗಲ್ಲ." ಅಷ್ಟೇ. ಅಷ್ಟೇ ಸಾಕಿತ್ತು.

ಮಧ್ಯಾಹ್ನ ಪೂರ್ತಿ ಇದೇ ಅಭ್ಯಾಸ. ವಂಶವೃಕ್ಷ ಬರೆದು ತಾ ಅಂತ ಮನೆಗೆಲಸ ಕೊಡುವ ಬಗ್ಗೆ, ಮಗುವಿನ ಎದುರಿಗೇ "ಡೆಲಿವರಿ ನಾರ್ಮಲ್ಲಾ? ಮನೇಲಿ ಯಾರಿಗಾದ್ರೂ ಫಿಟ್ಸ್ ಇತ್ತಾ?" ಅಂತ ಕೇಳುವ ಬಗ್ಗೆ. ಜಾಸ್ತಿ ಹೊತ್ತು ಹೋದದ್ದು 'ಬಿಸಾಕಿ ಹೋದವಳು' ಅನ್ನುವ ಮಾತಿನ ಮೇಲೆ. ಮಗುವನ್ನು ಒಪ್ಪಿಸುವ ತಾಯಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕೂತು ಸಹಿ ಹಾಕುತ್ತಾಳೆ. ಆಮೇಲೂ ಮನಸ್ಸು ಬದಲಾಯಿಸಲು ಅವಳಿಗೆ 60 ದಿನ ಇರುತ್ತದೆ. ಆ ಅರವತ್ತು ದಿನ ಅವಳು ಹೇಗೆ ಕಳೆದಳು ಅಂತ ನಮಗೆ ಯಾರಿಗಾದರೂ ಗೊತ್ತಾ ಅಂತ ಮೇಡಂ ಕೇಳಿದರು. ಆಮೇಲೆ ಎಲ್ಲರ ಬಾಯಲ್ಲೂ ಒಂದು ಮಾತು ಹೇಳಿಸಿದರು: "ನಿನ್ನ ಹೆತ್ತಮ್ಮನಿಗೆ ಆಗ ನಿನ್ನನ್ನ ನೋಡ್ಕೊಳ್ಳೋಕೆ ಆಗಲಿಲ್ಲ. ಅದರಲ್ಲಿ ನಿನ್ನ ತಪ್ಪು ಏನೂ ಇಲ್ಲ." ಜೋರಾಗಿ, ಒಬ್ಬೊಬ್ಬರಾಗಿ. ದಪ್ಪ ಮೀಸೆಯ ಒಬ್ಬ ಅಧಿಕಾರಿ ಎರಡನೇ ವಾಕ್ಯಕ್ಕೆ ಬಂದಾಗ ನಿಂತುಬಿಟ್ಟರು, ನೀರು ಕುಡಿದು ಮತ್ತೆ ಹೇಳಿದರು. ನಾನೂ ಹೇಳಿದೆ. ಮನೆಯಲ್ಲಿ ಎಷ್ಟೋ ಸಲ ಹೇಳಿದ ಮಾತೇ. ಆದರೆ ನಲವತ್ತು ಜನ ಅದನ್ನು ಕಲಿಯುತ್ತಿದ್ದಾರೆ ಅನ್ನುವುದೇ ನನಗೆ ಆಸರೆಯಾಗಿತ್ತು. ಮನೆಗೆ ಭೇಟಿ ಕೊಡುವುದು ಎರಡು ವರ್ಷಕ್ಕೆ ಮುಗಿಯುತ್ತದೆ. ಮಗು ಪ್ರಶ್ನೆ ಕೇಳುವುದು ಏಳಕ್ಕೆ, ಹನ್ನೊಂದಕ್ಕೆ, ಹದಿನಾರಕ್ಕೆ. ಆಗ ಅದರ ಮುಂದೆ ನಿಂತಿರುವವರು ಇಂಥ ಮೇಷ್ಟ್ರು, ಇಂಥ ನರ್ಸು.

ನಾಲ್ಕು ಗಂಟೆಗೆ ಟೀ ಕೊಟ್ಟರು. ನಾನು ಬಸ್ಸಿನ ಟೈಮ್ ನೋಡುತ್ತಿದ್ದೆ. ಹಿಂದಿನ ಸಾಲಿನ ಆಯಾ ಹತ್ತಿರ ಬಂದರು. ಇಡೀ ದಿನ ಅವರು ಬಾಯಿ ಬಿಟ್ಟಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

"ನಾವೂ ಬಟ್ಟೆ ಹಾಕಿ ಕಳಿಸ್ತೀವಿ ಮೇಡಂ" ಅಂದರು. "ಆದ್ರೆ ನಾವೇ ಒಗೆದು ಇಸ್ತ್ರಿ ಮಾಡಿ ಹಾಕ್ತೀವಿ. ಕೊಳಕಾಗಿ ಕಳಿಸಿದ್ರು ಅಂತ ನೀವು ಅಂದ್ಕೋಬಾರ್ದು ಅಂತ."

ನಾನು ಅವರ ಕೈ ಹಿಡಿದುಕೊಂಡೆ. ಹದಿನಾರು ವರ್ಷದಿಂದ ಆ ಕೆಲಸದಲ್ಲಿದ್ದಾರೆ. ಮಗು ಹೋದ ಮೇಲೆ ಎರಡು ದಿನ ಅವರಿಗೂ ಊಟ ಸೇರುವುದಿಲ್ಲವಂತೆ. ಮುಂದಿನ ಗುರುವಾರ ಎರಡು ವರ್ಷದ ಒಬ್ಬ ಹುಡುಗ ಹೊರಡುತ್ತಿದ್ದಾನೆ. ಅವನನ್ನು ಏಳು ದಿನದ ಕೂಸಿನಿಂದ ಇವರೇ ನೋಡಿಕೊಂಡದ್ದು. "ನನಗೆ ಬರೆಯೋಕೆ ಅಷ್ಟು ಬರಲ್ಲ. ನಾನು ಹೇಳ್ತೀನಿ, ನೀವು ಬರ್ಕೊಡ್ತೀರಾ? ಅವರಮ್ಮನಿಗೆ ಕೊಡ್ತೀನಿ."

ತರಬೇತಿಯ ಹಾಳೆ ತಿರುಗಿಸಿ ಹಿಂಬದಿಯಲ್ಲಿ ಬರೆದೆ. ಅವರು ಹೇಳಿದ ಹಾಗೇ.

ರಾತ್ರಿ ಲೈಟ್ ಇರಲಿ. ಕುಕ್ಕರ್ ಸೀಟಿ ಆದರೆ ಹೆದರುತ್ತಾನೆ, ಎತ್ಕೊಂಡು 'ರೈಲು ಬಂತು' ಅನ್ನಿ. ಮೊದಲು ಮೊಸರನ್ನ ಕೊಟ್ಟರೆ ಆಮೇಲೆ ಸಾರನ್ನ ತಿಂತಾನೆ. ಮಲಗುವಾಗ ಕಿವಿ ಹಿಡ್ಕೊಳ್ತಾನೆ.

"ಅವನ ಕಿವಿನಾ?" ಅಂದೆ.

"ಅಲ್ಲ, ನಮ್ಮದು" ಅಂದರು, ಎಡಗಿವಿಯ ಓಲೆ ಮುಟ್ಟಿಕೊಂಡು. "ಎಡಗಡೆದು. ಅದನ್ನೂ ಬರೀರಿ. ಆ ಕಡೆ ಓಲೆ ಬಿಚ್ಚಿಟ್ಟು ಮಲಗಲಿ, ಚುಚ್ಚತ್ತೆ."

ಬರೆದೆ. ಹಾಳೆ ತುಂಬಿತ್ತು. ಅವರು ಅದನ್ನು ತಗೊಂಡು ದೂರ ಹಿಡಿದು ನೋಡಿದರು, ಮತ್ತೆ ನನ್ನ ಮುಂದಿಟ್ಟರು. ಮೇಲ್ಗಡೆ ಸ್ವಲ್ಪ ಜಾಗ ಇತ್ತು. ಅಲ್ಲಿ ಬೆರಳಿಟ್ಟು, "ಇಲ್ಲಿ ದೊಡ್ಡದಾಗಿ ಬರೀರಿ" ಅಂದರು. "ನೀಲಿ ಹೊದಿಕೆ ಒಗೀಬೇಡಿ ಅಂತ."