ಹಳೇ ಕ್ಯಾಸೆಟ್ ಎಸೆಯಬೇಡಿ, ಪ್ಲೀಸ್

ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ ಹಳೇ ವಿಎಚ್‌ಎಸ್ (ಮನೆಬಳಕೆಯ ವಿಡಿಯೊ) ಕ್ಯಾಸೆಟ್ ಕಂಡರೆ ನಾನು ಬಿಡುವುದಿಲ್ಲ. ಮೇಲೆ ‘ಗೃಹಪ್ರವೇಶ’ ಅಂತ ಬರೆದಿದ್ದರೂ ಕೊನೆಯಲ್ಲಿ ದೂರದರ್ಶನದ ಯಾವುದೋ ಮಕ್ಕಳ ಧಾರಾವಾಹಿಯ ತುಣುಕು ಉಳಿದಿರಬಹುದು, ಅಲ್ವಾ? ಆಗೆಲ್ಲ ಟೇಪು ದುಬಾರಿ. ಒಂದರ ಮೇಲೊಂದು ರೆಕಾರ್ಡ್ ಮಾಡುತ್ತಿದ್ದರು, ಮನೆಯಲ್ಲೂ ಅಷ್ಟೇ, ದೊಡ್ಡ ಟಿವಿ ಸಂಸ್ಥೆಗಳಲ್ಲೂ ಅಷ್ಟೇ. ಬಿಬಿಸಿಯಲ್ಲಿ 1960ರ ದಶಕದ ‘ಡಾಕ್ಟರ್ ಹೂ’ (Doctor Who) ಎಂಬ ವೈಜ್ಞಾನಿಕ ಕಲ್ಪನೆಯ ಧಾರಾವಾಹಿಯ ಎಷ್ಟೋ ಕಂತುಗಳು ಹೀಗೇ ಅಳಿಸಿಹೋದವು. ಹೊರದೇಶಗಳಿಗೆ ಮಾರಿದ್ದ ಫಿಲ್ಮ್ ಪ್ರತಿಗಳಿದ್ದವು ನೋಡಿ, ಅದರಿಂದಲೇ ನೈಜೀರಿಯಾದಲ್ಲಿ ಕಳೆದುಹೋಗಿದ್ದ 9 ಕಂತುಗಳು ಸಿಕ್ಕಿ, 2013ರಲ್ಲಿ ಜನ ಮತ್ತೆ ನೋಡುವಂತಾಯಿತು.

ಟೇಪು ಸಿಕ್ಕ ಖುಷಿಯಲ್ಲಿ ಸೀದಾ ವಿಸಿಆರ್‌ಗೆ, ಅಂದರೆ ಕ್ಯಾಸೆಟ್ ಓಡಿಸುವ ಯಂತ್ರಕ್ಕೆ, ಹಾಕಬೇಡಿ. ಕ್ಯಾಸೆಟ್ಟಿನ ಪಾರದರ್ಶಕ ಕಿಂಡಿಯಿಂದ ಸುರುಳಿಯ ಅಂಚು ನೋಡಿ. ಬಿಳಿ ಪುಡಿ ಕಂಡರೆ ಅದು ಬೂಷ್ಟು. ಹಾಗೇ ಓಡಿಸಿದರೆ ಟೇಪನ್ನು ಓದುವ ಹೆಡ್‌ಗೆ ಮೆತ್ತಿಕೊಂಡು ಮುಂದಿನ ಟೇಪಿಗೂ ಹರಡುತ್ತದೆ. ಮೊದಲು ಒಣಗಿಸಿ, ಮಾಸ್ಕ್ ಹಾಕಿಕೊಂಡು ಸ್ವಚ್ಛ ಮಾಡಬೇಕು. ಚಿತ್ರ ಅಡ್ಡಡ್ಡ ನಡುಗಿದರೆ ಟೈಮ್ ಬೇಸ್ ಕರೆಕ್ಟರ್ ಅನ್ನೋ ಉಪಕರಣ ಚಿತ್ರದ ಗೆರೆಗಳನ್ನು ನೆಟ್ಟಗೆ ಮಾಡುತ್ತದೆ.

ಈಗ ಟೇಪನ್ನು ಕಂಪ್ಯೂಟರಿಗೆ ಇಳಿಸಿದ ಮೇಲೆ ಎಐ ಹಾಕಿ ಮಕ್ಕಳ ಮುಖವನ್ನೆಲ್ಲ ಪ್ಲಾಸ್ಟಿಕ್ ಗೊಂಬೆ ಥರ ನುಣ್ಣಗೆ ಮಾಡುತ್ತಾರೆ, ನನಗಂತೂ ಸಂಕಟವಾಗುತ್ತದೆ. ಮೂಲ ಪ್ರತಿಯನ್ನು ಇದ್ದ ಹಾಗೇ ಇಡಿ. ನಡುವೆ ಬರುವ ಸೋಪು, ಬಿಸ್ಕತ್ತಿನ ಜಾಹೀರಾತನ್ನೂ ಕತ್ತರಿಸಬೇಡಿ, ಕಾರ್ಯಕ್ರಮ ಯಾವ ವರ್ಷದ್ದು ಅಂತ ಎಷ್ಟೋ ಸಲ ಅದರಿಂದಲೇ ಗೊತ್ತಾಗುತ್ತದೆ.