ಹತ್ತೂ ಇಪ್ಪತ್ತಕ್ಕೆ ಊಟ

ಮಗಳ ಹುಟ್ಟುಹಬ್ಬದ ದಿನ ಅವಳ ಜೊತೆ ಶಾಲೆಯಲ್ಲೇ ಊಟ ಮಾಡೋಣ ಅಂತ ರಜೆ ಹಾಕಿದ್ದೆ. ಇಲ್ಲಿ, ಅಮೆರಿಕದ ಟೆಕ್ಸಸ್ಸಿನಲ್ಲಿ, ಅದಕ್ಕೆ ಬಿಡುತ್ತಾರೆ. ಆಫೀಸಿನಲ್ಲಿ ಲೈಸೆನ್ಸ್ ಕೊಟ್ಟರೆ ಸ್ಕ್ಯಾನ್ ಮಾಡಿ, ನಮ್ಮ ಮಸುಕು ಫೋಟೋ ಇರುವ ಸ್ಟಿಕ್ಕರ್ ಕೊಡುತ್ತಾರೆ. ಅದನ್ನು ಎದೆಗೆ ಅಂಟಿಸಿಕೊಂಡು, ಚಿತ್ರಾನ್ನದ ಡಬ್ಬಿ ಹಿಡಿದು ಒಳಗೆ ಹೋದಾಗ ಗಂಟೆ ಬೆಳಗ್ಗೆ 10:20. ಊರಲ್ಲಾದರೆ ಆ ಹೊತ್ತಿಗೆ ತಿಂಡಿ ತಟ್ಟೆಯೂ ತೊಳೆದಿರುವುದಿಲ್ಲ.

ಮಗಳು ಎರಡು ತುತ್ತು ತಿಂದು ಡಬ್ಬಿಯನ್ನು ಪಕ್ಕದ ಗೆಳತಿಯ ಕಡೆ ತಳ್ಳಿದಳು. ಆ ಹುಡುಗಿ ಕಡಲೆಬೀಜ ಆರಿಸಿ ಆರಿಸಿ ತಿನ್ನುತ್ತಿದ್ದಳು. "ಹಸಿವಿಲ್ಲಮ್ಮ, ಈಗ ತಾನೇ ದೋಸೆ ತಿಂದಿದ್ದೆ" ಅಂದಳು ಮಗಳು. ಮೂರು ತಿಂಗಳಿಂದ ಡಬ್ಬಿ ಅರ್ಧಕ್ಕರ್ಧ ವಾಪಸ್ ಬರುತ್ತಿದೆ ಅಂತ ನಾನು ಅವಳನ್ನು ಬೈಯುತ್ತಿದ್ದೆ. ಕೆಫೆಟೇರಿಯಾ ಒಂದೇ, ಮಕ್ಕಳು ಜಾಸ್ತಿ. ಅದಕ್ಕೆ ಮಧ್ಯಾಹ್ನ ಒಂದೂವರೆ ತನಕ ಪಾಳಿಯ ಮೇಲೆ ಊಟ, ಒಬ್ಬೊಬ್ಬರಿಗೆ 25 ನಿಮಿಷ. ನಾವಿನ್ನೂ ಕೂತಿದ್ದಾಗಲೇ ಮುಂದಿನ ಪಾಳಿಯವರು ಬಾಗಿಲಲ್ಲಿ ಬಂದು ನಿಂತರು. ಮದುವೆಮನೆಯಲ್ಲಿ ನಮ್ಮ ಬೆನ್ನ ಹಿಂದೆ ನಿಂತು, ನಾವು ಯಾವಾಗ ಮೊಸರನ್ನಕ್ಕೆ ಬರುತ್ತೇವೆ ಅಂತ ಎಲೆ ನೋಡುತ್ತಿರುತ್ತಾರಲ್ಲ, ಥೇಟ್ ಹಾಗೆ.

ಊಟ ಮುಗಿಸಿದ ಮಕ್ಕಳು ಜಾಕೆಟ್ ಹಾಕಿಕೊಂಡು ಕಟ್ಟಡದ ಹಿಂದಿನ ಬಾಗಿಲಿನಿಂದ ಹೊರಟರು. ಇವಳ ಕ್ಲಾಸು ಪೋರ್ಟಬಲ್‌ನಲ್ಲಿ. ಅಂದರೆ ಮೈದಾನದಲ್ಲಿ ತಂದಿಟ್ಟ ತಗಡಿನ ಕೋಣೆ. ಬಾತ್‌ರೂಮಿಗೆ ಮುಖ್ಯ ಕಟ್ಟಡಕ್ಕೇ ಬರಬೇಕು. ಒಬ್ಬರೇ ಹೋಗುವಂತಿಲ್ಲ, ಜೋಡಿಯಾಗಿ ಹೋಗಬೇಕು. ಇವಳ ಜೋಡಿ ಅದೇ ಕಡಲೆಬೀಜದ ಹುಡುಗಿ.

ನಾವಿರುವುದು ಡಲ್ಲಾಸಿನ ಉತ್ತರಕ್ಕೆ, ಹೈವೇ 380ರ ಆಚೆ. 2021ರಲ್ಲಿ ಮನೆ ಕೊಂಡಾಗ ಹಿತ್ತಲ ಬೇಲಿಯ ಆಚೆ ದನ ಮೇಯುತ್ತಿದ್ದವು. ಇಲ್ಲಿ ಮನೆ ಯಾವ ಬೀದಿಯಲ್ಲಿದೆ ಅನ್ನುವುದರ ಮೇಲೆ ಶಾಲೆ, ಹಾಗಾಗಿ ಕೊಂಡಿದ್ದೇ ಶಾಲೆ ನೋಡಿ. ಅಡುಗೆಮನೆ ಚಿಕ್ಕದು ಅಂತ ನಾನು ಗೊಣಗಿದಾಗ ನಮ್ಮೆಜಮಾನ್ರು ಶಾಲೆಯ ರೇಟಿಂಗ್ ತೋರಿಸಿ ಬಾಯಿ ಮುಚ್ಚಿಸಿದ್ದರು. ಅದೇ ರೇಟಿಂಗನ್ನು ಇನ್ನೂ ಸಾವಿರಾರು ಜನ ನೋಡಿದರು. ಈಗ ಬೇಲಿಯ ಆಚೆ ಬರೀ ಸೂರು.

ಅವತ್ತು ಸಂಜೆಯೇ ಬೌಂಡರಿ ಬದಲಾವಣೆಯ ಮೀಟಿಂಗ್. ಹೊಸ ಶಾಲೆಗೆ ಯಾವ ಬೀದಿಯ ಮಕ್ಕಳು ಹೋಗಬೇಕು ಅಂತ ಮೂರು ನಕ್ಷೆ. ಒಂದರಲ್ಲಿ ಗೆರೆ ನಮ್ಮ ಬೀದಿಯ ಮೇಲೇ ಹಾದಿತ್ತು. ಮಾತಾಡುವವರಿಗೆ ತಲಾ ಮೂರು ನಿಮಿಷ. ಸಾಲಿನಲ್ಲಿ ಅರ್ಧ ಜನ ನಮ್ಮವರೇ. ಯುಗಾದಿಗೆ ಒಟ್ಟಿಗೆ ಒಬ್ಬಟ್ಟು ತಟ್ಟಿದ ಇಬ್ಬರು ಅಲ್ಲಿ ಒಬ್ಬರ ವಿರುದ್ಧ ಒಬ್ಬರು ಮಾತಾಡಿದರು. "ನಾವು ಮೊದಲು ಬಂದವರು, ಅಪಾರ್ಟ್‌ಮೆಂಟಿನ ಮಕ್ಕಳನ್ನು ಕಳಿಸಿ" ಅಂದರೊಬ್ಬರು. ನನಗೆ ಮೈಯೆಲ್ಲ ಹಿಂಡಿದ ಹಾಗಾಯಿತು. ಯಾಕೆಂದರೆ ಹಿಂದಿನ ವಾರ ನಾನು ಕಳಿಸಿದ್ದ ಈಮೇಲ್‌ನಲ್ಲೂ ಅದೇ ಇತ್ತು, ಸ್ವಲ್ಪ ನಯವಾಗಿ. ನನ್ನ ಸರದಿ ಬಂದಾಗ ನಾನು ಎದ್ದೇಳಲಿಲ್ಲ.

ಮನೆಗೆ ಬರುವಾಗ ಕಾರಿನಲ್ಲೇ ಶುರುವಾಯಿತು.

"ಸಾಕು ಕಣೇ, ಮಾರಿ ಹೋಗಿಬಿಡೋಣ" ಅಂದರು ಇವರು.

"ಎಲ್ಲಿಗೆ ಹೋಗೋದು ಹೇಳಿ" ಅಂದೆ.

ಇವರ ಲೆಕ್ಕ ಶಾಲೆಯದಲ್ಲ, ಕಾಲೇಜಿನದು. ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯವಾದ ಯುಟಿ ಆಸ್ಟಿನ್‌ನಲ್ಲಿ ಟೆಕ್ಸಸ್ ಮಕ್ಕಳಿಗೆ ಹೈಸ್ಕೂಲಿನ ರ‍್ಯಾಂಕಿನ ಮೇಲೆ ಸೀಟು ತಾನಾಗೇ ಸಿಗುತ್ತದೆ. ಮೊದಲು ಮೇಲಿನ ಶೇ. 6ರಲ್ಲಿದ್ದರೆ ಸಾಕಿತ್ತು, 2026ರ ಪ್ರವೇಶದಿಂದ ಶೇ. 5. ಇಷ್ಟೊಂದು ಓದುವ ಮಕ್ಕಳ ನಡುವೆ ಇವಳಿಗೆಲ್ಲಿಯ ರ‍್ಯಾಂಕು, ಚಿಕ್ಕ ಊರಿಗೆ ಹೋದರೆ ವಾಸಿ ಅನ್ನುವುದು ಇವರ ವಾದ. ನಾಲ್ಕನೇ ತರಗತಿಯ ಹುಡುಗಿಯ ಬಗ್ಗೆ!

ನಾನು ಡಲ್ಲಾಸಿಗೆ ಹತ್ತಿರದ ಪ್ಲೇನೋ ಊರನ್ನು ನೆನಪಿಸಿದೆ. ಒಂದು ಕಾಲಕ್ಕೆ ಎಲ್ಲರೂ ಶಾಲೆಗೋಸ್ಕರ ಓಡಿದ್ದು ಅಲ್ಲಿಗೇ. ಅಲ್ಲಿ ಮಕ್ಕಳು ಸಾಲದು ಅಂತ 4 ಶಾಲೆ ಮುಚ್ಚುವ ತೀರ್ಮಾನವಾಗಿದ್ದು 2024ರಲ್ಲಿ. ಆಮೇಲೆ ಜನ ಹೋಗಿದ್ದು ಫ್ರಿಸ್ಕೋಗೆ. 1990ರಲ್ಲಿ ಸುಮಾರು 6,000 ಜನರಿದ್ದ ಊರು, 2020ರ ಗಣತಿಗೆ 2 ಲಕ್ಷ. ಈಗ ಅಲ್ಲೂ ಮಕ್ಕಳು ಕಮ್ಮಿಯಾಗುತ್ತಿದ್ದಾರೆ. ಮಕ್ಕಳು ದೊಡ್ಡವರಾದರೂ ಅಪ್ಪ-ಅಮ್ಮ ಮನೆ ಬಿಡುವುದಿಲ್ಲ, ಹೊಸ ಸಂಸಾರದವರಿಗೆ ಆ ಬೆಲೆ ಕೈಗೆಟುಕುವುದಿಲ್ಲ. ನಾವು ಇನ್ನೂ ಉತ್ತರಕ್ಕೆ ಹೋದರೆ ಎರಡು ವರ್ಷಕ್ಕೆ ಅಲ್ಲೂ ಪೋರ್ಟಬಲ್. ಬೇಡ ಅನ್ನುವುದಕ್ಕೆ ಸಾಲದ ಬಡ್ಡಿಯೊಂದೇ ಸಾಕಿತ್ತು ಅನ್ನಿ. 2021ರದ್ದು ಶೇ. 3ರ ಆಸುಪಾಸು. ಅದನ್ನು ಬಿಟ್ಟು ಈಗ ಅದರ ಎರಡರಷ್ಟು ಬಡ್ಡಿಗೆ ಸಾಲ ತೆಗೆಯುವ ಧೈರ್ಯ ಯಾರಿಗಿದೆ?

ನನಗೆ ನಿಜವಾಗಿ ಚುಚ್ಚುವುದು ಬೇರೆ. ಇಲ್ಲಿ ಶಾಲೆ ಕಟ್ಟಲು ಬಾಂಡ್, ಅಂದರೆ ಸಾಲ, ಎತ್ತಬೇಕು, ಅದಕ್ಕೆ ಊರಿನವರು ವೋಟು ಹಾಕಬೇಕು. 2019ರಿಂದ ಬ್ಯಾಲೆಟ್ಟಿನ ಮೇಲೆ 'ಇದು ಆಸ್ತಿ ತೆರಿಗೆಯ ಹೆಚ್ಚಳ' ಅಂತ ಅಚ್ಚು ಹಾಕಲೇಬೇಕು ಅನ್ನುವ ಕಾನೂನಿದೆ. ಅದನ್ನು ಓದಿದವರು ಬೇಡ ಅಂದರೆ ಆಶ್ಚರ್ಯವೇನು? ನಾವು ಎಚ್ ಒನ್ ಬಿ ಕೆಲಸದ ವೀಸಾದವರು, ಇಲ್ಲಿನ ಪ್ರಜೆಗಳಲ್ಲ. ತೆರಿಗೆ ತಪ್ಪದೆ ಕಟ್ಟುತ್ತೇವೆ, ವೋಟಿಲ್ಲ. ಮೀಟಿಂಗಿನಲ್ಲಿ ಅಷ್ಟು ಕೂಗಿದವರಲ್ಲಿ ಎಷ್ಟು ಜನ ನಮ್ಮ ಹಾಗೇ ಇದ್ದರೋ!

ರಾತ್ರಿ ತಿಪಟೂರಿನಿಂದ ಅಮ್ಮ ಫೋನ್ ಮಾಡಿದಳು, ಮೊಮ್ಮಗಳಿಗೆ ಹರಸಲು. ನಾನು ಎಲ್ಲ ಹೇಳಿಕೊಂಡೆ. "ಒಂದು ಕ್ಲಾಸಿಗೆ ಎಷ್ಟು ಮಕ್ಕಳು?" ಅಂದಳು. "22" ಅಂದೆ. ನಾಲ್ಕನೇ ತರಗತಿಯವರೆಗೆ ಇಲ್ಲಿನ ಕಾನೂನೇ ಅದು, ಮೀರಬೇಕಾದರೆ ರಾಜ್ಯದ ವಿನಾಯಿತಿ ಬೇಕು. ಅಮ್ಮ ನಗು ತಡೆಯಲಾರದೆ, "ನಿನ್ನ ಕ್ಲಾಸಲ್ಲಿ 64 ಜನ ಇದ್ರಲ್ಲೇ. ಒಂದು ಬೆಂಚಿಗೆ ಐದು ಜನ, ನೀನು ತುದೀಲಿ ಕೂತು ಬೀಳ್ತಿದ್ದೆ" ಅಂದಳು. ಅದೂ ನಿಜವೇ. ಆದರೆ ನಾನು ಒಂದು ಗಂಟೆಗೆ ಮನೆಗೆ ಬಂದು ಬಿಸಿ ಸಾರನ್ನ ಉಂಡು ಹೋಗುತ್ತಿದ್ದೆ. ಆ ಮಾತಿಗೆ ಅಮ್ಮ, "ಹಂಗಾದ್ರೆ ಸಂಜೆ ಬಿಸಿ ಕೊಡು" ಅಂದಳು.

ಎರಡು ವಾರಕ್ಕೆ ನಕ್ಷೆ ಬಂತು. ನಮ್ಮ ಬೀದಿ ಉಳಿಯಿತು. ಗೆರೆ ದೊಡ್ಡ ರಸ್ತೆಯ ಮೇಲೆ ಹಾದಿದೆ, ಅದರಾಚೆ ಅಪಾರ್ಟ್‌ಮೆಂಟು. ಕಡಲೆಬೀಜದ ಹುಡುಗಿ ಅಲ್ಲಿಯವಳು ಅಂತ ನನಗೆ ಗೊತ್ತಾಗಿದ್ದು ಮಗಳು ಅತ್ತಾಗಲೇ. ಈಮೇಲ್ ವಿಷಯ ನಾನು ಅವಳಿಗೆ ಹೇಳಿಲ್ಲ.

ಅಂತೂ ಇಲ್ಲೇ ಇದ್ದೇವೆ. ಈಗ ಶಾಲೆಗೆ ಬರೀ ಹಣ್ಣು, ಕೋಡುಬಳೆ ಕಳಿಸುತ್ತೇನೆ. ಚಿತ್ರಾನ್ನ ಥರ್ಮಸ್‌ನಲ್ಲಿ ನನ್ನ ಜೊತೆ ಬರುತ್ತದೆ. ಶಾಲೆ ಬಿಡುವ ಹೊತ್ತಿಗೆ ಕಾರಿನ ಸಾಲು ಮೂರು ಬೀದಿ ಉದ್ದ, ಹೊರಬರಲು ಅರ್ಧ ಗಂಟೆ. ಅಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಡಬ್ಬಿ ಖಾಲಿ. ಬೇಸಿಗೆ ರಜೆಯ ತನಕ ಎರಡು ಚಮಚ ಹಾಕುತ್ತೇನೆ. ಶುಕ್ರವಾರ ಆ ಹುಡುಗಿಯೂ ನಮ್ಮ ಕಾರಿನಲ್ಲೇ ಬರುತ್ತಾಳೆ.