ತಾಳವಾಡಿಯಿಂದ ಕರಿ ಟ್ರ್ಯಾಕ್‌ಗೆ: ದುಡ್ಡು ಕಟ್ಟುವ ಮೊದಲು ಓದಿ

ಕೊಯಮತ್ತೂರು ಹತ್ತಿರದ ಕರಿ ರೇಸ್ ಟ್ರ್ಯಾಕ್‌ನಲ್ಲಿ ದುಡ್ಡು ಕೊಟ್ಟು ನಮ್ಮದೇ ಕಾರು ಓಡಿಸುವ ದಿನಕ್ಕೆ ಟ್ರ್ಯಾಕ್ ಡೇ ಅನ್ನುತ್ತಾರೆ. ಅದಕ್ಕೆ ದುಡ್ಡು ಕಟ್ಟುವ ಮೊದಲು ಆಯೋಜಕರನ್ನು ಒಂದು ಮಾತು ಕೇಳಿಬಿಡಿ: ನನ್ನ ಕಾರು ಟ್ರ್ಯಾಕ್ ಮೇಲೆ ಒಟ್ಟು ಎಷ್ಟು ನಿಮಿಷ ಓಡುತ್ತದೆ? "ಇಡೀ ದಿನ ಸರ್" ಅಂದರೆ ಒಪ್ಪಬೇಡಿ. ನಮಗೂ ಆಯೋಜಕರು ಹಾಗೇ ಹೇಳಿದ್ದರು. ಹೋಗಿ ನೋಡಿದರೆ ಬ್ಯಾಚಿಗೆ 20 ನಿಮಿಷ, ಅದರಲ್ಲೂ ಮೊದಲ ಸುತ್ತುಗಳು ಅವರ ಕಾರಿನ ಹಿಂದೆ ನಿಧಾನವಾಗಿ. ಯಾರೋ ಅಂಚು ದಾಟಿ ಮಣ್ಣಿಗಿಳಿದು ಸಿಕ್ಕಿಹಾಕಿಕೊಂಡರೆ ಕೆಂಪು ಬಾವುಟ, ಎಲ್ಲರೂ ವಾಪಸ್ ಪಿಟ್‌ಗೆ, ಅಂದರೆ ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗಕ್ಕೆ. ಹಾಗೆ ಹೋದ ಸಮಯವನ್ನು ಯಾರೂ ತುಂಬಿಕೊಡಲಿಲ್ಲ. ಕೇಳಿದ್ದಕ್ಕೆ "ಎಲ್ಲಾ ಕಡೆ ಹೀಗೇ" ಅಂದರು. ನಿಮಿಷ ಎಷ್ಟು, ಬ್ಯಾಚಿಗೆ ಕಾರು ಎಷ್ಟು, ಕೆಂಪು ಬಾವುಟ ಬಂದರೆ ಏನು ಮಾಡುತ್ತಾರೆ, ಇಷ್ಟನ್ನೂ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.

ನಮ್ಮ ತಾಳವಾಡಿ ಕಡೆಯವರಿಗೆ ಇನ್ನೊಂದು ತೊಡಕಿದೆ. ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಕಾರುಗಳಿಗೆ ನಿರ್ಬಂಧ. ಟ್ರ್ಯಾಕ್‌ನಲ್ಲಿ 7 ಗಂಟೆಗೇ ಹಾಜರಿರಬೇಕು. ಹಾಗಾಗಿ ಹಿಂದಿನ ದಿನವೇ ಇಳಿದು ಉಳಿಯಲೇಬೇಕು. ಟ್ರ್ಯಾಕ್ ಹತ್ತಿರವೇ ಇರಲಿ ಅಂತ ಹಿಡಿದ ರೂಮು ಶುದ್ಧ ದಂಡ. ಬಿಸಿನೀರಿಲ್ಲ, ಕಾರು ನಿಲ್ಲಿಸಲು ಸರಿಯಾದ ಜಾಗವಿಲ್ಲ. ಬಾಡಿಗೆ ಮಾತ್ರ ಕಾರಿನ ಮುಖ ನೋಡಿ ಹೇಳಿದ್ದು. ಅದರ ಬದಲು ಸತ್ಯಮಂಗಲದಲ್ಲೇ ಉಳಿದು, ನಸುಕಿಗೇ ಎದ್ದು ಅನ್ನೂರು, ಕರುಮತ್ತಂಪಟ್ಟಿ, ನೀಲಂಬೂರು ಬೈಪಾಸ್ ಮೇಲೆ ಟ್ರ್ಯಾಕ್ ಇರುವ ಚೆಟ್ಟಿಪಾಳ್ಯಂ ಸೇರಿ. ಕೊಯಮತ್ತೂರು ಊರೊಳಗೆ ನುಗ್ಗುವ ಕೆಲಸವೇ ಬೇಡ.

ನಾವು ಒಯ್ದಿದ್ದು ನಮ್ಮ ಭಾವನ ಪೋರ್ಷೆ ಕೇಮನ್, ನೆಲಕ್ಕೆ ತಗ್ಗಾದ ಕಾರು. ಕಾಡಿನ ದಾರಿಯ ಹಂಪುಗಳನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಿಸಬೇಕು. ಆಮೇಲೆ 27 ಹೇರ್‌ಪಿನ್ ತಿರುವು. ಸಣ್ಣ ಗೇರಿನಲ್ಲೇ ಇಳಿಸಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಕೂರಬೇಡಿ.

ಕರಿ ಮೋಟಾರ್ ಸ್ಪೀಡ್‌ವೇ ದೊಡ್ಡ ಟ್ರ್ಯಾಕ್ ಅಲ್ಲ, 2.1 ಕಿ.ಮೀ. ಅಷ್ಟೇ. ಮಾರುತಿ ಎಂಜಿನ್ ಹಾಕಿ ಒಂಟಿ ಸೀಟಿನ ರೇಸ್ ಕಾರು ಕಟ್ಟಿದ ಎಸ್. ಕರಿವರ್ಧನ್ ಅವರ ಹೆಸರು ಅದಕ್ಕೆ. ಟ್ರ್ಯಾಕ್ ಚಿಕ್ಕದು, ತಿರುವು ಜಾಸ್ತಿ. ಆದ್ದರಿಂದ ಎಂಜಿನ್‌ಗಿಂತ ಬ್ರೇಕಿಗೇ ಹೆಚ್ಚು ಕೆಲಸ. "ಇಷ್ಟು ದುಡ್ಡಿನ ಕಾರಿಗೆ ಏನಾಗತ್ತೋ, ಸುಮ್ನಿರು" ಅಂದಿದ್ದರು ಭಾವ. ಎರಡನೇ ಬ್ಯಾಚಿನ ನಡುವೆಯೇ ಸುಟ್ಟ ವಾಸನೆ ಬಂತು. ಪೆಡಲ್ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತಿತ್ತು, ಕಾರು ನಿಲ್ಲುವುದು ತಡವಾಗುತ್ತಿತ್ತು. ಬ್ರೇಕ್ ಕಾದು ಅದರ ಆಯಿಲ್ ಕುದಿದರೆ ಪೆಡಲ್ ಹೀಗೆ ಮೆತ್ತಗಾಗುತ್ತದೆ. ಬ್ರೇಕ್ ಆಯಿಲ್ ಹಳೆಯದಾದಷ್ಟೂ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ. ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಹೋಗುವ ವಾರವೇ ಹೊಸ ಆಯಿಲ್ ಹಾಕಿಸಿ, ಬ್ರೇಕ್ ಪ್ಯಾಡ್ ದಪ್ಪ ನೋಡಿಸಿ. ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ನಿಧಾನವಾಗಿ ಓಡಿಸಿ. ಪಿಟ್‌ಗೆ ಬಂದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಚಾಲಕನ ಕಾಲಡಿಯ ಮ್ಯಾಟು, ನೀರಿನ ಬಾಟಲಿ ಎಲ್ಲಾ ಮೊದಲೇ ತೆಗೆದಿಡಿ. ಬ್ರೇಕ್ ಪೆಡಲ್ ಕೆಳಗೆ ಬಾಟಲಿ ಉರುಳಿದರೆ ದೇವರೇ ಗತಿ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಮನೆಯಿಂದಲೇ ಒಯ್ಯಿರಿ, ಅಲ್ಲಿ ಬಾಡಿಗೆಗೆ ಸಿಕ್ಕಿದ್ದು ಬೆವರು ನಾರುತ್ತಿತ್ತು.

ಊಟಕ್ಕೆ ಮಾತ್ರ ಟ್ರ್ಯಾಕ್‌ನ ಪೊಟ್ಟಣ ನಂಬಬೇಡಿ. ಚೆಟ್ಟಿಪಾಳ್ಯಂ ರಸ್ತೆಯಲ್ಲಿ ತಗಡಿನ ಮಾಡಿನ ಒಂದು ಮೆಸ್ ಇದೆ, ಬೋರ್ಡೂ ಇಲ್ಲ. ಅಲ್ಲಿನ ಅಕ್ಕ ಅರಿಸಿ ಪರುಪ್ಪು ಸಾದಂ ಬಡಿಸಿ, ಮೇಲೆ ಬಿಸಿ ತುಪ್ಪ ಹಾಕಿದರು. ಅಕ್ಕಿ, ಬೇಳೆ, ಸಣ್ಣ ಈರುಳ್ಳಿ, ಬೆಳ್ಳುಳ್ಳಿ ಒಟ್ಟಿಗೆ ಬೆಂದ ಅನ್ನ. ಜೊತೆಗೆ ಹುರುಳಿ ರಸಂ, ನಮ್ಮ ಮನೆ ಹುರುಳಿ ಸಾರಿನಷ್ಟೇ ಖಾರ. ನಾವು ಕನ್ನಡ ಮಾತಾಡಿದ್ದು ಕೇಳಿ "ತಾಳವಾಡಿಯಾ?" ಅಂದರು, ಇನ್ನೊಂದು ಸೌಟು ಬಿತ್ತು. ಮೂರು ಸಲ ಬಡಿಸಿಕೊಂಡರೂ ಬಿಲ್ಲು ಹೆಲ್ಮೆಟ್ ಬಾಡಿಗೆಗಿಂತ ಕಡಿಮೆ! ಮಧ್ಯಾಹ್ನ 2ರ ಒಳಗೆ ಹೋಗಿ, ಆಮೇಲೆ ಪಾತ್ರೆ ಖಾಲಿ.

ಇನ್ನು ವಿಮೆ. ಸಾಮಾನ್ಯ ಕಾರು ಪಾಲಿಸಿಯಲ್ಲಿ ರೇಸು, ವೇಗದ ಪರೀಕ್ಷೆ ಇವುಗಳಿಗೆ ರಕ್ಷಣೆ ಇಲ್ಲ ಅಂತ ಬರೆದೇ ಇರುತ್ತದೆ. ಟ್ರ್ಯಾಕ್‌ನಲ್ಲಿ ಗೋಡೆಗೆ ತಗುಲಿದರೆ ರಿಪೇರಿ ಖರ್ಚು ನಿಮ್ಮದೇ ಅಂದುಕೊಂಡು ಹೊರಡಿ. ಬೇರೆಯವರ ಕಾರು ಕೇಳಿ ಒಯ್ಯುವುದಾದರೆ ಇದನ್ನು ಅವರಿಗೂ ಮೊದಲೇ ಬಾಯಿಬಿಟ್ಟು ಹೇಳಿ.